ತನ್ನ ಸಿಲಿಂಡರ್ ತಾನೇ ಹೊತ್ತ ಸುಲೇಂದ್ರಿ

ಹನ್ನೆರಡು ವರ್ಷಗಳ ನಂತರ ಸುಲೇಂದ್ರಿ ಊರಿಗೆ ಮರಳಿದ್ದು ಕಲ್ಲಂಗಡಿ ತುಂಬಿದ ಪಿಕಪ್ ಗಾಡಿಯ ಹಿಂದೆ ಕೂತು. ಸುರಬಾಯಾ ನಗರದಿಂದ ಬಸ್ಸು, ಜಲಸಂಧಿ ದಾಟಲು ದೊಡ್ಡ ದೋಣಿ, ಅಲ್ಲಿಂದ ಸಿಂಗರಾಜ ಪಟ್ಟಣದವರೆಗೆ ಇನ್ನೊಂದು ಬಸ್ಸು. ಆಮೇಲಿನ ದಾರಿಗೆ ದುಡ್ಡು ಕೊಡುವುದು ದಂಡ ಎಂದುಕೊಂಡು ಸಂತೆಯ ಬಳಿ ನಿಂತು, ನಮ್ಮ ಕಡೆ ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದಳಂತೆ. ನನ್ನ ಮನೆಯ ಮುಂದೆ ಇಳಿದಾಗ ಒಂದು ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಒಂದು ಕಲ್ಲಂಗಡಿ. ದಾರಿಯುದ್ದಕ್ಕೂ ಇವಳ ಮಾತು ಕೇಳಿ ನಗುತ್ತ ಬಂದ ಗಾಡಿಯವನು ಬಾಡಿಗೆ ತೆಗೆದುಕೊಳ್ಳುವ ಬದಲು ತಾನೇ ಹಣ್ಣು ಕೊಟ್ಟು ಹೋಗಿದ್ದ. ಚೀಲದಲ್ಲಿ ಬೇಯಿಸಿದ ಗೆಣಸು ಇನ್ನೂ ಎರಡು ಉಳಿದಿದ್ದವು. ದಾರಿಯಲ್ಲಿ ಒಂದು ಲೋಟ ಚಹಾ ಕೂಡ ಕೊಂಡು ಕುಡಿದಿರಲಿಲ್ಲ.

ನಾಲ್ಕು ದಿನ ಇರುತ್ತೇನೆ, ಜಗಲಿಯ ಮೇಲೆ ಒಂದು ಚಾಪೆ ಸಾಕು, ಐದನೆಯ ದಿನ ಬೆಳಿಗ್ಗೆ ವಾಪಸ್ ಬಸ್ಸು ಎಂದಳು. ಹೋಗಿಬರುವ ಟಿಕೆಟ್ಟು ಒಟ್ಟಿಗೆ ತೆಗೆದರೆ ಅಗ್ಗವೆಂದು ಎರಡನ್ನೂ ಮೊದಲೇ ತೆಗೆದಿದ್ದಳು. ಗಂಡ ಬಂದಿರಲಿಲ್ಲ. ಇಬ್ಬರು ಬರುವಷ್ಟು ದುಡ್ಡಿರಲಿಲ್ಲ.

ಬತುಸೆಲೆಮ್ ಎಂಬ ನಮ್ಮ ಊರಿನ ಹೋಟೆಲುಗಳ ಗೋಡೆಯ ಮೇಲೆ ಮೀನುಗಳ ಫೋಟೊ ಇವೆ, ಆಮೆಗಳ ಫೋಟೊ ಇವೆ, ಸಮುದ್ರಕ್ಕೆ ಇಳಿದು ಹಲ್ಲು ಕಿರಿಯುವ ಬಿಳಿಯರ ಫೋಟೊಗಳಂತೂ ಲೆಕ್ಕವಿಲ್ಲ. ಸುಲೇಂದ್ರಿಯದು ಒಂದೂ ಇಲ್ಲ. ಅವರೆಲ್ಲ ಉಸಿರಾಡಿದ ಗಾಳಿಯನ್ನು ನೀರಿನ ತನಕ ಹೊತ್ತವಳು ಅವಳು. ನನಗೆ ಇದು ಸಿಟ್ಟಿನ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮರಳಿನ ದಂಡೆಯಲ್ಲ. ಊರ ಹಿಂದಿನ ಬೆಂಕಿ ಬೆಟ್ಟ ಯಾವತ್ತೋ ಕಾರಿದ ಕಪ್ಪು ಕಲ್ಲುಗಳು, ಒಂದೊಂದೂ ತೆಂಗಿನಕಾಯಿ ಗಾತ್ರ, ಕಾಲಿಟ್ಟರೆ ಉರುಳುತ್ತವೆ. ಮುಳುಗುವವರ ಗಾಳಿ ಸಿಲಿಂಡರ್ ಇಡುವ ಶೆಡ್ಡಿನಿಂದ ನೀರಿಗೆ ಎಂಬತ್ತು ಹೆಜ್ಜೆ. ಅಷ್ಟು ದೂರ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನಡೆದರೆ ಗಟ್ಟಿಮುಟ್ಟಾದ ಗಂಡಸೂ ಮಗುಚಿ ಬೀಳುತ್ತಾನೆ. ಆದ್ದರಿಂದ ನಾವು ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಹೊರುತ್ತೇವೆ. ದಂಡೆಯ ಹತ್ತಿರವೇ ನೀರೊಳಗೆ ಒಂದು ಹಳೆಯ ಸರಕು ಹಡಗು ಮುಳುಗಿದೆ. ಅದನ್ನು ನೋಡಲು ಲೋಕವೆಲ್ಲ ಬರುತ್ತದೆ, ಹಾಗಾಗಿ ನಮ್ಮ ಒಲೆ ಉರಿಯುತ್ತದೆ.

ಸುಲೇಂದ್ರಿ ಹೊರಲು ಶುರು ಮಾಡಿದಾಗ ಅವಳಿಗೆ ಹದಿನಾಲ್ಕು. ಸರಿಯಾನಿ ಎಂಬ ನಾನು ಈ ಕೆಲಸಕ್ಕೆ ಸೇರುವ ಹೊತ್ತಿಗೆ ಅವಳೇ ಗುಂಪಿನ ಮುಖ್ಯಸ್ಥೆ. ತಲೆಯ ಮೇಲೆ ಎರಡು ಸಿಲಿಂಡರ್ ಅಡ್ಡಡ್ಡ, ಅಂದರೆ ಮೂವತ್ತು ಕಿಲೊ, ತೋಳಿನಲ್ಲಿ ಒಂದು ಚೀಲ, ಬಾಯಲ್ಲಿ ಹಿಂದೆ ಬರುವವಳನ್ನು ಕಿಚಾಯಿಸುವ ಮಾತು. ಅವಳು ಕಾಲ ಕೆಳಗೆ ನೋಡಿ ನಡೆದದ್ದನ್ನು ನಾನು ಕಂಡಿಲ್ಲ. ಇಪ್ಪತ್ತೆರಡು ವರ್ಷ ಹೊತ್ತಳು, ಒಮ್ಮೆಯೂ ಬೀಳಿಸಲಿಲ್ಲ. ಇದನ್ನು ಅವಳೇ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು, ಆದರೂ ಸುಳ್ಳಲ್ಲ.

ನಮ್ಮ ಗುಂಪಿನ ಕಟ್ಟುಪಾಡು ಮಾಡಿದವಳೂ ಅವಳೇ. ಆಗೆಲ್ಲ ಕಡಿಮೆ ದುಡ್ಡಿನಲ್ಲಿ ಊರೂರು ಸುತ್ತುವ ಹುಡುಗರು ಬರತೊಡಗಿದ್ದರು. ನಮ್ಮ ಕೂಲಿ ಉಳಿಸಲು ತಮ್ಮ ಸಿಲಿಂಡರ್ ತಾವೇ ಹೊತ್ತುಕೊಂಡು ಹೊರಟುಬಿಡುವರು. ಒಂದು ಬೆಳಿಗ್ಗೆ ಸುಲೇಂದ್ರಿ ಶೆಡ್ಡಿನ ಬಾಗಿಲಲ್ಲಿ ಸಿಲಿಂಡರುಗಳ ಮೇಲೇ ಕೂತುಬಿಟ್ಟಳು. ಮಧ್ಯಾಹ್ನದವರೆಗೆ ಯಾರೂ ನೀರಿಗೆ ಇಳಿಯಲಿಲ್ಲ. ಸಂಜೆಗೆ ಊರಿನ ಹಿರಿಯರು, ಡೈವಿಂಗ್ ಅಂಗಡಿಯವರು ಎಲ್ಲ ಸೇರಿ ಒಪ್ಪಿದರು: ಇಲ್ಲಿ ಸಿಲಿಂಡರ್ ನೀರಿಗೆ ಹೋಗುವುದು ನಮ್ಮ ಹೆಂಗಸರ ತಲೆಯ ಮೇಲೆಯೇ. ಮುಳುಗುವವರು ತಾವೇ ಹೊತ್ತರೆ ದಂಡ ಕಟ್ಟಬೇಕು, ಆ ದಿನ ನೀರಿಗೆ ಇಳಿಯುವಂತಿಲ್ಲ.

ಇದನ್ನು ಅವಳು ಎಷ್ಟು ಬಿಗಿಯಾಗಿ ನಡೆಸಿದಳೆಂದರೆ ರಸ್ಮಿನಿಯ ತಮ್ಮನನ್ನೂ ಬಿಡಲಿಲ್ಲ. ರಸ್ಮಿನಿ ನಮ್ಮ ಜೊತೆಯವಳೇ, ಸುಲೇಂದ್ರಿಗಿಂತ ಒಂದೆರಡು ವರ್ಷ ಚಿಕ್ಕವಳು. ಅವಳ ತಮ್ಮ ಆಗಷ್ಟೇ ಗಿರಾಕಿಗಳನ್ನು ನೀರೊಳಗೆ ಕರೆದೊಯ್ಯುವ ಗೈಡ್ ಆಗಿದ್ದ. ಬೆಟ್ಟ ಹೊಗೆಯಾಡಿದ ವರ್ಷ ಅದು, ಊರಿಗೆ ಜನವೇ ಇಲ್ಲ. ಸಿಕ್ಕ ಒಬ್ಬನೇ ಗಿರಾಕಿಗೆ ಖರ್ಚು ಕಡಿಮೆ ಮಾಡಲು ತಮ್ಮನೇ ಸಿಲಿಂಡರ್ ಹೊತ್ತ. ಸುಲೇಂದ್ರಿ ದಂಡ ಹಾಕಿದಳು, ಇಳಿಯಲು ಬಿಡಲಿಲ್ಲ. ಗಿರಾಕಿ ಬೈದುಕೊಂಡು ಬೇರೆ ಊರಿಗೆ ಹೋದ. ಆ ಹುಡುಗ ಅವಮಾನ ತಾಳಲಾರದೆ ಲೊಂಬೊಕ್ ದ್ವೀಪಕ್ಕೆ ಹೋದವನು ಅಲ್ಲೇ ಉಳಿದ. ಅಂದಿನಿಂದ ರಸ್ಮಿನಿ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮುಂದೆ ಗಂಡನಿಗೆ ಸುರಬಾಯಾದ ಬಂದರಿನಲ್ಲಿ ಕೆಲಸ ಸಿಕ್ಕಿ ಸುಲೇಂದ್ರಿ ಹೊರಟಾಗ ರಸ್ಮಿನಿ ಬೀಳ್ಕೊಡಲೂ ಬರಲಿಲ್ಲ. ಆಮೇಲೆ ಅವಳೇ ಮುಖ್ಯಸ್ಥೆಯಾದಳು.

ಈಗ ಸುಲೇಂದ್ರಿ ಯಾಕೆ ಬಂದಳು? ಊರೆಲ್ಲ ಅಂದುಕೊಂಡಿದ್ದು ಕೆಲಸ ಕೇಳಲು ಎಂದು. ನಾನೂ ಹಾಗೆಯೇ ಅಂದುಕೊಂಡೆ. ಸಂಜೆ ಸುಟ್ಟ ಮೀನು, ಖಾರದ ಸಂಬಲ್ ಚಟ್ನಿ ಜೊತೆ ಅನ್ನ ಕಲಸಿಕೊಳ್ಳುತ್ತ ಅವಳು ವಿಷಯ ಹೇಳಿದಳು.

ಸುರಬಾಯಾದಲ್ಲಿ ಅವಳದು ಅನ್ನದ ಗಾಡಿ. ಬತುಸೆಲೆಮ್‌ನವಳು ಎಂದು ತಿಳಿದರೆ ಗಿರಾಕಿಗಳು ಕೇಳುವುದು ಒಂದೇ: ಹಡಗು ನೋಡಿದ್ದೀಯಾ? ಇವಳು ನೋಡಿದ್ದೇನೆ ಎನ್ನುತ್ತಿದ್ದಳು. ನೀರಿನಿಂದ ಎದ್ದು ಬಂದವರು ದಂಡೆಯ ಮೇಲೆ ಆಡಿದ ಮಾತುಗಳನ್ನೆಲ್ಲ ಸೇರಿಸಿ, ತನ್ನದೂ ಒಂದಿಷ್ಟು ಮಸಾಲೆ ಬೆರೆಸಿ ಹನ್ನೆರಡು ವರ್ಷ ಬಡಿಸಿದಳು. ಕೊನೆಗೊಂದು ದಿನ ನಿಜವಾಗಿಯೂ ಇಳಿದು ನೋಡಿದ್ದ ಒಬ್ಬ ಅಲ್ಲಿ ಊಟಕ್ಕೆ ಕೂತಿದ್ದ. ಮೆಟ್ಟಿಲು ಹತ್ತಿ ಹಡಗಿನ ಮೇಲಂತಸ್ತಿಗೆ ಹೋದೆ ಎಂದು ಇವಳು ಹೇಳುತ್ತಿದ್ದಾಗ ಅವನು ಚಮಚ ಕೆಳಗಿಟ್ಟು ನಕ್ಕ. ಹಡಗು ಮಗ್ಗುಲಾಗಿ ಮಲಗಿದೆ, ಹತ್ತಲು ಮೆಟ್ಟಿಲೆಲ್ಲಿದೆ ಅಮ್ಮ ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಇವಳ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಲಿ ಬಿಡು," ಎಂದಳು ಸುಲೇಂದ್ರಿ. "ಆದ್ರೆ ಸರಿಯಾನಿ, ಅವತ್ತು ರಾತ್ರಿ ಲೆಕ್ಕ ಹಾಕ್ದೆ. ಎಷ್ಟು ಸಾವಿರ ಜನಾನ ಆ ಹಡಗಿಗೆ ಕಳಿಸಿದೀನಿ ನಾನು. ನಾನು ಮಾತ್ರ ಮೊಣಕಾಲು ಮಟ್ಟದ ನೀರು ದಾಟಿಲ್ಲ. ಈಗ ಗಿರಾಕಿಯಾಗಿ ಬಂದಿದೀನಿ. ನೋಡ್ಕೊಂಡೇ ಹೋಗೋದು."

ಅವಳಿಗೆ ನಲವತ್ತೆಂಟು ವರ್ಷ, ಈಜು ಬರುವುದಿಲ್ಲ, ಕೈಯಲ್ಲಿರುವ ದುಡ್ಡು ಅಂಗಡಿಯ ದರದ ಅರ್ಧಕ್ಕೂ ಸಾಲದು. ನಮ್ಮ ಗುಂಪಿನ ಯಾವ ಹೆಂಗಸೂ ಇದುವರೆಗೆ ಮುಳುಗಿದವಳಲ್ಲ. ನಮಗೆ ಸಮುದ್ರವೆಂದರೆ ಬೆಳಿಗ್ಗೆ ಎಲೆಯ ದೊನ್ನೆಯಲ್ಲಿ ಹೂವಿಟ್ಟು ಕೈಮುಗಿಯುವ ಜಾಗ. ಹೀಗೆಲ್ಲ ಹೇಳಿ ನಾನು ತಡೆಯಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು.

ಮರುದಿನ ಬೆಳಿಗ್ಗೆ ಅವಳು ನೇರವಾಗಿ ವಿರ್ತನ ಹತ್ತಿರ ಹೋದಳು. ವಿರ್ತ ನಮ್ಮೂರಿನ ಹಳೆಯ ಗೈಡ್, ಅವನ ಮೊದಲ ಗಿರಾಕಿಯ ಸಿಲಿಂಡರ್ ಹೊತ್ತವಳು ಸುಲೇಂದ್ರಿಯೇ. ಅವನು ತನ್ನ ಕೂಲಿ ಬೇಡ ಎಂದ. ಸಿಲಿಂಡರ್ ಮತ್ತು ಸಾಮಾನಿನ ಬಾಡಿಗೆ ಅಂಗಡಿಗೆ, ಹೊರುವ ಕೂಲಿ ಗುಂಪಿಗೆ, ಇಷ್ಟು ಕೊಟ್ಟರೆ ಸಾಕು. ಅದರಲ್ಲೂ ಇವಳು ಉಳಿಸುವ ದಾರಿ ಹುಡುಕಿದಳು. ನೀರಿನಲ್ಲಿ ಸಿಲಿಂಡರ್ ಬೇಕಾದದ್ದು ಕೊನೆಯ ದಿನ ಮಾತ್ರ, ಅಲ್ಲಿಯವರೆಗೆ ಅದಿಲ್ಲದೇ ಕಲಿಸು ಎಂದು ಹಟ ಹಿಡಿದಳು. ವಿರ್ತ ತಲೆ ಕೆರೆದುಕೊಂಡು ಒಪ್ಪಿದ. ಶೆಡ್ಡಿನ ಬೆಂಚಿನ ಮೇಲೆ ಕೂರಿಸಿ, ನೆಲದ ಮೇಲಿಟ್ಟ ಸಿಲಿಂಡರಿನ ಕೊಳವೆ ಬಾಯಿಗೆ ಕೊಟ್ಟು ಉಸಿರಾಡುವುದನ್ನು ಕಲಿಸಿದ. ಆಮೇಲೆ ಎದೆಮಟ್ಟದ ನೀರಿನಲ್ಲಿ ಮುಖ ಅದ್ದಿ, ಉಸಿರಿನ ಕೊಳವೆಯ ತುದಿ ನೀರಿನ ಮೇಲೆ ಇಟ್ಟುಕೊಂಡು ತೇಲುವುದನ್ನು ಹೇಳಿಕೊಟ್ಟ.

ಎರಡು ದಿನ ಅವಳು ಕುಡಿದ ಉಪ್ಪುನೀರಿಗೆ ಲೆಕ್ಕವಿಲ್ಲ. ಯಾರೋ ಬಿಟ್ಟುಹೋದ ಹಳೆಯ ರಬ್ಬರ್ ಉಡುಪು, ಎರಡು ಅಳತೆ ಚಿಕ್ಕದು. ಅದರೊಳಗೆ ಅವಳನ್ನು ತುರುಕಲು ನಾವು ಮೂವರು ಬೇಕಾಯಿತು. ಪಕ್ಕದ ಮನೆಯವಳು ಅವಳನ್ನು ಬಾಳೆಲೆಯಲ್ಲಿ ಸುತ್ತಿದ ಕಡುಬು ಎಂದಳು. ಸುಲೇಂದ್ರಿ ಬೇಸರ ಮಾಡಿಕೊಳ್ಳಲಿಲ್ಲ. "ಬಿಚ್ಚುವಾಗ ನೋಡ್ಕೊಂಡು ಬಿಚ್ರೇ, ಒಳಗೆ ಹೂರಣ ಬಿಸಿ ಇದೆ," ಎಂದಳು. ರಸ್ಮಿನಿ ಮಾತ್ರ ದೂರದಲ್ಲಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ನಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ನಾಲ್ಕನೆಯ ದಿನ, ಅಂದರೆ ಕೊನೆಯ ದಿನ, ಸಮುದ್ರ ಶಾಂತವಾಗಿತ್ತು. ಅಂಗಡಿಗೆ ಬಾಡಿಗೆ ಕಟ್ಟಿಯಾಗಿತ್ತು. ಗುಂಪಿನ ಕೂಲಿಯೂ ಕಟ್ಟಿಯಾಗಿತ್ತು, ಸರದಿ ನನ್ನದು. ಅವಳ ಸಿಲಿಂಡರ್ ಹೊರುವುದು ನಾನೇ ಎಂದು ನನಗೆ ಒಳಗೊಳಗೇ ಹಿಗ್ಗು. ಒಳ್ಳೆಯ ಸಿಂಬಿ ಬೇಕೆಂದು ಒಗೆದ ಟವೆಲ್ ಹುಡುಕಿ ಸುತ್ತಿಕೊಳ್ಳುತ್ತಿದ್ದೆ. ತಲೆಯೆತ್ತಿ ನೋಡಿದರೆ ಸುಲೇಂದ್ರಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಳು. ರಬ್ಬರ್ ಉಡುಪಿನಲ್ಲಿ, ತಲೆಯ ಮೇಲೆ ಸಿಲಿಂಡರ್.

ಬೇಕೆಂದು ಮಾಡಿದ್ದಲ್ಲ. ಶೆಡ್ಡಿನ ಕಟ್ಟೆಯ ಮೇಲೆ ತುಂಬಿದ ಸಿಲಿಂಡರ್ ನಿಂತಿದೆ, ಪಕ್ಕದಲ್ಲಿ ಬಟ್ಟೆ ಬಿದ್ದಿದೆ. ಇಪ್ಪತ್ತೆರಡು ವರ್ಷ ಪಳಗಿದ ಕೈ ಅವಳನ್ನು ಕೇಳದೆಯೇ ಸಿಂಬಿ ಸುತ್ತಿತು, ಎತ್ತಿತು, ಕಾಲು ಹೊರಟಿತು. ಹೇಗೆ ನಡೆಯುತ್ತಿದ್ದಳು ಅಂತೀರಿ. ಹನ್ನೆರಡು ವರ್ಷ ಆ ಕಲ್ಲುಗಳನ್ನು ಮೆಟ್ಟಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಕೆಲವರು ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು, ಚಪ್ಪಾಳೆ ನಿಂತಿತು. ನೀರಿನಂಚಿನಲ್ಲಿ ರಸ್ಮಿನಿ ನಿಂತಿದ್ದಳು.

"ಇಳಿಸು," ಎಂದಳು.

ಆಗ ಸುಲೇಂದ್ರಿಗೆ ಗೊತ್ತಾಯಿತು, ತಾನು ಮಾಡಿದ ಕಟ್ಟುಪಾಡನ್ನು ತಾನೇ ಮುರಿದೆನೆಂದು. ಸಿಲಿಂಡರನ್ನು ನಿಧಾನವಾಗಿ ಕಲ್ಲಿನ ಮೇಲೆ ಇಳಿಸಿದಳು. ಮರುದಿನ ಬೆಳಿಗ್ಗೆ ಬಸ್ಸು. ಮತ್ತೆ ಇಷ್ಟು ದುಡ್ಡು ಕೂಡಿಸಲು ಅವಳಿಗೆ ಎಷ್ಟು ವರ್ಷ ಬೇಕೋ.

ನಾನು ಓಡಿಹೋಗಿ ತಪ್ಪು ನನ್ನದೆಂದೆ, ಸಿಂಬಿ ಹುಡುಕುತ್ತ ತಡ ಮಾಡಿದೆನೆಂದೆ. ವಿರ್ತ ಅಭ್ಯಾಸಬಲ, ಬಿಟ್ಟುಬಿಡು ಎಂದ. ಉಳಿದ ಹೆಂಗಸರೂ ದನಿಗೂಡಿಸಿದರು. ಸುಲೇಂದ್ರಿ ಎಲ್ಲರನ್ನೂ ಸುಮ್ಮನಿರಿಸಿದಳು.

"ಬಿಡಬಾರ್ದು. ಅವಳ ತಮ್ಮನ್ನ ನಾನು ಬಿಟ್ಟಿದ್ನಾ? ಅವನಿಗೂ ಅವತ್ತು ಹೊಟ್ಟೆಪಾಡೇ ಆಗಿತ್ತು. ದಂಡ ತಗೋ ರಸ್ಮಿನಿ. ನಾನು ಇವತ್ತು ಇಳಿಯಲ್ಲ."

ಅವಳ ಈ ಗಟ್ಟಿತನದ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು ಬಂತು. ದುಡ್ಡು ತರಲು ಶೆಡ್ಡಿನ ಕಡೆ ತಿರುಗಿದವಳನ್ನು ರಸ್ಮಿನಿ ತಡೆದಳು. ತಡೆದು ನನ್ನ ಕಡೆ ನೋಡಿದಳು.

"ಸರಿಯಾನಿ, ಬೆಳಿಗ್ಗೆ ಹಾಜರಿ ಕೂಗ್ದೆಯಲ್ಲ. ಹನ್ನೊಂದನೇ ಹೆಸರು ಯಾರ್ದು?"

ಅದು ಸುಲೇಂದ್ರಿಯದು. ಮೊದಲ ಸಿಲಿಂಡರ್ ಏಳುವ ಮುಂಚೆ ದಿನಾ ಹೆಸರು ಕೂಗುವವಳು ನಾನು. ಗುಂಪು ಬಿಡುವವರು ತಮ್ಮ ಸಿಂಬಿಯ ಬಟ್ಟೆಯನ್ನು ಮುಖ್ಯಸ್ಥೆಯ ಕೈಗೆ ಕೊಟ್ಟು ಹೋಗುವುದು ನಮ್ಮ ಪದ್ಧತಿ. ಸುಲೇಂದ್ರಿ ಹೊರಟಾಗ ಅವಳೇ ಮುಖ್ಯಸ್ಥೆ, ಕೊಡುವುದು ಯಾರ ಕೈಗೆ? ಹಾಗೇ ಹೋಗಿಬಿಟ್ಟಳು. ಹೆಸರು ಹೊಡೆದುಹಾಕಲೇ ಎಂದು ನಾನು ವರ್ಷಕ್ಕೊಮ್ಮೆ ರಸ್ಮಿನಿಯನ್ನು ಕೇಳುತ್ತಿದ್ದೆ. ಬಟ್ಟೆ ಕೊಟ್ಟಿಲ್ಲ, ಇರಲಿ ಎನ್ನುತ್ತಿದ್ದಳು. ಹನ್ನೆರಡು ವರ್ಷ ದಿನಾ ಆ ಹೆಸರು ಕೂಗಿ, ಬಂದಿಲ್ಲ ಎಂದು ನಾನೇ ಉತ್ತರ ಹೇಳಿಕೊಂಡಿದ್ದೇನೆ. ಸುಲೇಂದ್ರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ನಾನು ಅವಳ ಹೆಸರು ಹೇಳಿದೆ.

"ಹೆಸರಿರೋಳು ನಮ್ಮೋಳು," ಎಂದಳು ರಸ್ಮಿನಿ. "ನಮ್ಮೋಳು ಹೊತ್ರೆ ದಂಡ ಯಾಕೆ?"

"ಹೆಸರು ಯಾಕೆ ಉಳಿಸ್ದೆ?" ಸುಲೇಂದ್ರಿ ಕೇಳಿದಳು.

"ನಿನ್ನ ಮೇಲಿನ ಸಿಟ್ಟಿಗೆ. ದಿನಾ ಬೆಳಿಗ್ಗೆ ಆ ಹೆಸರು ಕೇಳಿದ್ರೆ ನಂಗೆ ಕೆಲಸಕ್ಕೆ ಬಲ ಬರೋದು. ಮೊದಮೊದಲು ಸಿಟ್ಟೇ. ಆಮೇಲಾಮೇಲೆ ಏನೋ, ನಂಗೂ ಗೊತ್ತಿಲ್ಲ."

ಯಾರೋ ಹಿಂದಿನಿಂದ, ಹೊರುವವಳೇ ಮುಳುಗಬಹುದಾ, ಅದಕ್ಕೆ ಕಟ್ಟುಪಾಡು ಏನು ಎಂದು ಕೇಳಿದರು. ರಸ್ಮಿನಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮಲ್ಲಿ ಇದುವರೆಗೆ ಯಾರೂ ಮುಳುಗಿಲ್ಲ, ಅದಕ್ಕೆ ಕಟ್ಟುಪಾಡನ್ನೂ ಯಾರೂ ಮಾಡಿಲ್ಲ ಎಂದಳು. ಆಮೇಲೆ ಸಿಲಿಂಡರನ್ನು ತಾನೇ ನೆಟ್ಟಗೆ ನಿಲ್ಲಿಸಿ ವಿರ್ತನಿಗೆ ಕೊಟ್ಟಳು. ಬೇಗ ಆಗಲಿ, ಗಾಳಿ ಏಳುವ ಹೊತ್ತಾಯಿತು ಎಂದು ಗದರಿದಳು.

ವಿರ್ತ ಅವಳ ಬೆನ್ನಿಗೆ ಸಿಲಿಂಡರ್ ಬಿಗಿದ, ಸೊಂಟಮಟ್ಟದ ನೀರಿನಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿಸಿದ. ಆಮೇಲೆ ಅವಳ ಭುಜದ ಪಟ್ಟಿಯನ್ನು ಹಿಡಿದುಕೊಂಡು ಕೆಳಗೆ ಕರೆದೊಯ್ದ. ತಲೆ ಮರೆಯಾಯಿತು. ಗುಳ್ಳೆಗಳು ಮಾತ್ರ ಉಳಿದವು.

ಸಾವಿರಾರು ಜನ ಹಾಗೆ ಮುಳುಗುವುದನ್ನು ನಾವು ನೋಡಿದ್ದೇವೆ, ಬೆನ್ನು ಹಾಕಿ ಮುಂದಿನ ಸಿಲಿಂಡರಿಗೆ ಹೋಗಿದ್ದೇವೆ. ಅವತ್ತು ಒಬ್ಬರೂ ಶೆಡ್ಡಿಗೆ ಮರಳಲಿಲ್ಲ. ಗುಳ್ಳೆಗಳು ಎತ್ತ ಹೋಗುತ್ತವೋ ಅತ್ತ ನಾವೂ ದಂಡೆಯ ಮೇಲೆ ಸರಿಯುತ್ತಿದ್ದೆವು. ಒಂದು ಕಡೆ ಗುಳ್ಳೆ ತುಸು ಹೊತ್ತು ನಿಂತುಹೋದ ಹಾಗೆ ಕಂಡಿತು. ರಸ್ಮಿನಿ ಮೊಣಕಾಲಿನವರೆಗೆ ನೀರಿಗಿಳಿದಳು. ಮತ್ತೆ ಕಂಡಾಗ ಹಿಂದಕ್ಕೆ ಬಂದು, ಏನೂ ಆಗಿಲ್ಲದವಳ ಹಾಗೆ ಸೀರೆಯಂತೆ ಸುತ್ತಿದ್ದ ಲುಂಗಿಯ ಅಂಚು ಹಿಂಡಿಕೊಂಡಳು. ಅಂಗಡಿಯ ಗಿರಾಕಿಗಳು ತಮ್ಮ ಸಿಲಿಂಡರ್ ಯಾಕೆ ಬಂದಿಲ್ಲ ಎಂದು ಶೆಡ್ಡಿನಿಂದ ಕೂಗುತ್ತಿದ್ದರು. ಕೂಗಲಿ ಎಂದುಕೊಂಡೆ. ಜೀವಮಾನದಲ್ಲಿ ಒಂದು ದಿನ ಕಾಯಲಿ.

ಮೂವತ್ತೈದು ನಿಮಿಷವಾದ ಮೇಲೆ ಇಬ್ಬರೂ ಎದ್ದರು. ಸುಲೇಂದ್ರಿ ಬಾಯಿಯ ಕೊಳವೆ ತೆಗೆದು, ಕೆಮ್ಮಿ, ಉಗಿದು, ನೀರಿನಲ್ಲೇ ಕೂತಳು. ಕಣ್ಣಿನ ಸುತ್ತ ಮುಳುಗುವ ಕನ್ನಡಕ ಒತ್ತಿದ ಕೆಂಪು ಗೆರೆ. ಅಳುತ್ತಿದ್ದಳೋ ಉಪ್ಪುನೀರೋ ಹೇಳಲಾರೆ. ನಾವೆಲ್ಲ ಒಟ್ಟಿಗೆ ಕೇಳಿದೆವು, ಏನಿದೆ, ಹೇಗಿದೆ, ಮೀನು ಕಚ್ಚಿತಾ. ಹಡಗಿನ ಬಗ್ಗೆ, ಮೀನಿನ ಬಗ್ಗೆ ಮುಂದೆ ಸಂಜೆಯಿಡೀ ಹೇಳಿದಳು. ಆಗ ಹೇಳಿದ್ದು ಒಂದೇ.

"ಕೆಳಗೆ ಸಿಲಿಂಡರಿಗೆ ತೂಕಾನೇ ಇಲ್ಲ ಕಣ್ರೇ. ಬೆನ್ನ ಮೇಲೆ ಇದೆಯೋ ಇಲ್ವೋ ಅಂತ ಎರಡು ಸಲ ಮುಟ್ಟಿ ನೋಡ್ಕೊಂಡೆ. ಅದರ ತೂಕ ಎಲ್ಲ ಇರೋದು ಈ ಎಂಬತ್ತು ಹೆಜ್ಜೆಲಿ. ಪೂರ್ತಿ ನಾವೇ ಹೊತ್ತಿರೋದು."

ನಾನು ನನ್ನ ನೆತ್ತಿಯನ್ನು ಮುಟ್ಟಿಕೊಂಡೆ. ನಮ್ಮಲ್ಲಿ ಎಲ್ಲರಿಗೂ ಅಲ್ಲಿ ಕೂದಲು ತೆಳ್ಳಗಾಗಿದೆ.

ಅವಳು ಏಳಲು ಹೋದಳು, ಬೆನ್ನಿನ ಭಾರ ಮತ್ತೆ ಕೂರಿಸಿತು. ವಿರ್ತ ಸಿಲಿಂಡರ್ ಬಿಚ್ಚಿದ. ಹೊರಗೆ ಹೊರುವುದೂ ನನ್ನ ಸರದಿಯೇ. ನಾನು ಬಗ್ಗುವಷ್ಟರಲ್ಲಿ ರಸ್ಮಿನಿ ನನ್ನನ್ನು ಪಕ್ಕಕ್ಕೆ ಸರಿಸಿ, ಸಿಂಬಿ ಇಟ್ಟು, ಸಿಲಿಂಡರನ್ನು ತನ್ನ ತಲೆಗೆ ಏರಿಸಿದಳು. ಮುಂದೆ ಅವಳು, ಹಿಂದೆ ಬರಿಗೈಯ ಸುಲೇಂದ್ರಿ. ಎರಡು ಹೆಜ್ಜೆ ಇಡುವುದರಲ್ಲಿ ಸುಲೇಂದ್ರಿ ಎಡವಿದಳು. ಮತ್ತೆ ಎರಡು ಹೆಜ್ಜೆ, ಮತ್ತೆ ಎಡವಿದಳು. ತಲೆಯ ಮೇಲೆ ಭಾರವಿಲ್ಲದೆ ಆ ಕಲ್ಲುಗಳ ಮೇಲೆ ನಡೆಯುವುದು ಅವಳ ಕಾಲಿಗೆ ಒಗ್ಗಿರಲೇ ಇಲ್ಲ. ರಸ್ಮಿನಿ ತಿರುಗಲಿಲ್ಲ. ಒಂದು ಕೈ ಸಿಲಿಂಡರಿನ ಮೇಲಿತ್ತು, ಇನ್ನೊಂದನ್ನು ಹಿಂದಕ್ಕೆ ಚಾಚಿದಳು. ಸುಲೇಂದ್ರಿ ಹಿಡಿದುಕೊಂಡಳು. ಹಾಗೇ ಶೆಡ್ಡಿನವರೆಗೆ ಬಂದರು.

ಸಿಲಿಂಡರ್ ಇಳಿಸಿ, ಬೆವರು ಒರೆಸಿಕೊಂಡು, ರಸ್ಮಿನಿ ವಿರ್ತನನ್ನು ಮೂಲೆಗೆ ಕರೆದಳು. ಇವಳಿಗೆ ಕಲಿಸಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದಳು.

"ಎರಡೂವರೆ ದಿನ ಅಕ್ಕ," ಎಂದ ವಿರ್ತ.

"ನಂಗೆ ಎರಡು ಸಾಕು," ಎಂದಳು ರಸ್ಮಿನಿ.